ಗುಜರಿ ತಕ್ಕಡಿಗೆ ಹಾಕೋ ಮುಂಚೆ: ಹಳೇ ಸಾಮಾನಿನಲ್ಲಿ ಹೊಸ ಅಡುಗೆಮನೆ

ಬಸ್ಸಲ್ಲಿ ಕೂತು ಕೇಳ್ತಿದ್ದೀರೋ, ಪಾತ್ರೆ ತೊಳೀತಾ ಕೇಳ್ತಿದ್ದೀರೋ ಗೊತ್ತಿಲ್ಲ. ಪಾತ್ರೆ ತೊಳೀತಾ ಇದ್ದರೆ ಇನ್ನೂ ಒಳ್ಳೇದು, ಯಾಕಂದ್ರೆ ಇವತ್ತಿನ ಮಾತು ಪೂರ್ತಿ ಅಡುಗೆಮನೆಯದ್ದೇ.

ಹೊಸದಾಗಿ ಮನೆ ಮಾಡಿದವರ ಕಷ್ಟ ಹೆಚ್ಚುಕಮ್ಮಿ ಒಂದೇ ಥರ ಇರುತ್ತೆ. ಮಂಡ್ಯದಲ್ಲಿ ಕೆಲಸ, ಎರಡು ರೂಮಿನ ಬಾಡಿಗೆ ಮನೆ. ಅಡ್ವಾನ್ಸ್ ಕೊಟ್ಟು, ಗ್ಯಾಸ್ ಕನೆಕ್ಷನ್ ತಗೊಂಡು, ಹಾಲುಕ್ಕಿಸೋ ಹೊತ್ತಿಗೆ ಕೈ ಖಾಲಿ. ಅಡುಗೆಮನೆ ಕಡೆ ನೋಡಿದ್ರೆ ಒಂದು ಕಡಪ ಕಲ್ಲಿನ ಕಟ್ಟೆ, ಒಂದು ಸಿಂಕು, ಒಂದು ಟ್ಯೂಬ್‌ಲೈಟು. ಫೋನ್ ತೆಗೆದ್ರೆ ರೀಲ್ಸ್‌ನಲ್ಲಿ ಮಿರಮಿರ ಮಿಂಚೋ ಹಿತ್ತಾಳೆ ಪಾತ್ರೆಗಳ ಸಾಲು, ಮರದ ಶೆಲ್ಫು, ಪಿಂಗಾಣಿ ಜಾಡಿ. ಅದಕ್ಕೆ ‘ವಿಂಟೇಜ್ ಲುಕ್’ ಅಂತ ಹೆಸರು. ಬೆಲೆ ಕೇಳಿದ್ರೆ ತಲೆ ಗಿರ್ ಅನ್ನುತ್ತೆ.

ತಮಾಷೆ ಏನಂದ್ರೆ, ಆ ರೀಲ್ಸ್‌ನಲ್ಲಿ ಇರೋ ಚೊಂಬು, ತಪ್ಪಲೆ, ಉಪ್ಪಿನಕಾಯಿ ಜಾಡಿ ಎಲ್ಲ ನಮ್ಮ ಮದ್ದೂರು, ಮಳವಳ್ಳಿ ಕಡೆಯ ಎಷ್ಟೋ ಮನೆಗಳ ಅಟ್ಟದ ಮೇಲೆ ಮಕಾಡೆ ಬಿದ್ದಿವೆ. ಇಲ್ಲಾ ಅಂದ್ರೆ ಗುಜರಿ ಅಂಗಡಿಯ ಮೂಲೆಯಲ್ಲಿ, ಕರಗಿಸೋಕೆ ಹೋಗೋ ಮೂಟೆಯಲ್ಲಿ ಇವೆ.

ಹಾಗಾಗಿ ಕಡಿಮೆ ದುಡ್ಡಲ್ಲಿ, ಹಳೇ ಸಾಮಾನು ಇಟ್ಕೊಂಡು ಒಂದು ಚೆಂದದ ಅಡುಗೆಮನೆ ಹೇಗೆ ಮಾಡೋದು ಅಂತ ಇವತ್ತು ನೋಡೋಣ. ನನ್ನ ಮಾತಿನ ಸಾರ ಮೊದಲೇ ಹೇಳ್ಬಿಡ್ತೀನಿ. ಹಳೇ ವಸ್ತು ಅಗ್ಗ ಆಗೋದು ಅದನ್ನ ಬಳಸಿದಾಗ. ಗೋಡೆಗೆ ನೇತುಹಾಕಿ ದಿನಾ ಧೂಳು ಒರೆಸೋಕೆ ತಂದ್ರೆ ಇನ್ನೂರು ರೂಪಾಯಿನೂ ದುಬಾರಿನೇ. ಅದಕ್ಕೇ, ಮಾರೋ ಮುಂಚೆ ಆಗಲಿ, ಕೊಳ್ಳೋ ಮುಂಚೆ ಆಗಲಿ, ಒಂದು ಪ್ರಶ್ನೆ ಕೇಳ್ಕೊಳ್ಳಿ: ಇದು ನನ್ನ ಅಡುಗೆಮನೆಯಲ್ಲಿ ಏನು ಕೆಲಸ ಮಾಡುತ್ತೆ?

ಮೊದಲು ಅಂಗಡಿಗೆ ಹೋಗಬೇಡಿ, ಊರಿಗೆ ಹೋಗಿ. ಭಾನುವಾರ ಏಣಿ ಹಾಕ್ಕೊಂಡು ಅಟ್ಟ ಹತ್ತಿ. ಏನೇನು ಸಿಗಬಹುದು? ಹಿತ್ತಾಳೆ ಬಿಂದಿಗೆ, ತಾಮ್ರದ ಹಂಡೆ, ಕೊಳದಪ್ಪಲೆ, ಕಂಚಿನ ಚೊಂಬು, ಅಕ್ಕಿ ಅಳೆಯೋ ಸೇರು, ಪಾವು, ಚಟಾಕು. ಶ್ಯಾವಿಗೆ ಒರಳು, ಚಕ್ಕುಲಿ ಒರಳು, ಈಳಿಗೆ ಮಣೆ, ತುರಿಯೋ ಮಣೆ. ಕಬ್ಬಿಣದ ಬಾಣಲೆ, ರೊಟ್ಟಿ ಹಂಚು, ಮುದ್ದೆ ಕೋಲು. ಹಿತ್ತಲಲ್ಲಿ ರುಬ್ಬೋ ಕಲ್ಲು, ರಾಗಿ ಬೀಸೋ ಕಲ್ಲು. ಇನ್ನೂ ಹುಡುಕಿದ್ರೆ ಹಾರ್ಲಿಕ್ಸ್‌ನ ಗಾಜಿನ ಬಾಟಲಿ, ಬಿಸ್ಕತ್ತಿನ ತಗಡಿನ ಡಬ್ಬ. ಎಲ್ಲ ಮನೆಯಲ್ಲೂ ಎಲ್ಲ ಇರಲ್ಲ. ಆದ್ರೆ ಇದರಲ್ಲಿ ನಾಲ್ಕೈದು ಸಿಗದೇ ಇರೋ ಮನೆ ಕಡಿಮೆ.

ಇವೆಲ್ಲ ಅಟ್ಟ ಸೇರಿದ್ದು ಯಾಕೆ ಅಂತ ಒಂಚೂರು ತಿಳ್ಕೊಳ್ಳೋಣ. ನಮ್ಮ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲೇ ವಿದ್ಯುತ್ ತಯಾರಾಯ್ತು. ಆದ್ರೆ ಆ ಕರೆಂಟು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹೋಯ್ತು. ಆಮೇಲೆ ಬೆಂಗಳೂರು, ಮೈಸೂರಿಗೆ. ಪಕ್ಕದ ಹಳ್ಳಿಗಳ ಅಡುಗೆಮನೆಗೆ ದೀಪ ಬರೋಕೆ ಎಷ್ಟೋ ದಶಕ ಹಿಡೀತು. ಅಲ್ಲೀವರೆಗೂ ರುಬ್ಬೋ ಕಲ್ಲು, ಬೀಸೋ ಕಲ್ಲು ದಿನಾ ದುಡೀತಿದ್ವು. ಮಿಕ್ಸಿ ಬಂತು, ಕಲ್ಲು ಹಿತ್ತಲಿಗೆ ಹೋಯ್ತು. ಸ್ಟೀಲ್ ಬಂತು, ಹಿತ್ತಾಳೆ ಅಟ್ಟ ಹತ್ತಿತು. ಹಿತ್ತಾಳೆ ಬೆಳಗೋದು, ಕಲಾಯಿ ಹಾಕಿಸೋದು ಅಂದ್ರೆ ಸುಮ್ಮನೆ ಮಾತಲ್ಲ. ಆ ಕೆಲಸ ಮಾಡ್ತಿದ್ದೋರು ಮನೆ ಹೆಂಗಸರು. ಹುಣಸೆಹಣ್ಣು, ಬೂದಿ ಹಾಕಿ ಉಜ್ಜಿ ಉಜ್ಜಿ ಕೈ ಸವೆಸಿದೋರಿಗೆ ಸ್ಟೀಲ್ ಒಂದು ಬಿಡುಗಡೆ. ಹಾಗಾಗಿ ‘ಅಯ್ಯೋ, ನಮ್ಮೋರು ಎಂಥಾ ವಸ್ತು ಬಿಟ್ಟುಬಿಟ್ರು’ ಅಂತ ನಾವು ನಿಟ್ಟುಸಿರು ಬಿಡೋ ಮುಂಚೆ, ಅದನ್ನ ಉಜ್ಜಿದ್ದು ಯಾರು ಅಂತ ಯೋಚಿಸಬೇಕು.

ಇನ್ನೊಂದು ವಿಷಯ. ಹಳ್ಳಿ ಮನೆಗೆ ಪಾತ್ರೆ ಅಂದ್ರೆ ಉಳಿತಾಯ ಖಾತೆ ಇದ್ದ ಹಾಗೆ. ಬೆಳೆ ಕೈಗೆ ಬಂದ ವರ್ಷ ಒಂದು ಹಂಡೆ ಮನೆಗೆ ಬರ್ತಿತ್ತು. ನಾಲೆಗೆ ನೀರು ಬಾರದ ವರ್ಷ ಅದೇ ಹಂಡೆ ಗಿರವಿ ಅಂಗಡಿಗೆ ಹೋಗ್ತಿತ್ತು. ಮಗಳ ಮದುವೆಗೆ ಕೊಟ್ಟ ಪಾತ್ರೆ ಅವಳ ಆಸ್ತಿ. ನೀವು ಅಟ್ಟದಿಂದ ಇಳಿಸಿದ ತಪ್ಪಲೆಯ ಕಂಠ ಒರೆಸಿ ನೋಡಿ, ಚುಕ್ಕಿ ಚುಕ್ಕಿಯಾಗಿ ಕೊರೆದ ಅಕ್ಷರ ಇರಬಹುದು. ಯಾರದೋ ಹೆಸರು, ಯಾವುದೋ ಊರು, ಕೆಲವು ಸಲ ಇಸವಿ. ಅದು ಅಜ್ಜಿ ತವರಿನಿಂದ ತಂದಿದ್ದು ಇರಬಹುದು, ದೊಡ್ಡಮ್ಮನಿಗೆ ಸೇರಬೇಕಾಗಿದ್ದು ಇರಬಹುದು.

ಅದಕ್ಕೇ ಇಲ್ಲಿ ಒಂದು ಕಟ್ಟುನಿಟ್ಟಿನ ನಿಯಮ. ಕೇಳದೆ ಒಂದು ಚಮಚನೂ ಎತ್ತಬೇಡಿ. ‘ಹಳೇದು ತಾನೇ, ಯಾರಿಗೆ ಬೇಕು’ ಅನ್ನೋ ಮಾತೇ ಬೇಡ. ಅಜ್ಜಿ ಹತ್ರ ಕೂತು, ಅಜ್ಜಿ, ಇದು ಯಾರದು, ಇದರಲ್ಲಿ ಏನು ಮಾಡ್ತಿದ್ರಿ, ನಾನು ತಗೊಂಡು ಹೋಗಿ ಬಳಸ್ಲಾ ಅಂತ ಕೇಳಿ. ಮೊದಲು ಬೈಸ್ಕೊಳ್ಳೋದು ಗ್ಯಾರಂಟಿ. ‘ಅದ್ಯಾಕ್ಲಾ ಆ ಹಳೇ ತಪ್ಲೆ, ಹೊಸಾದು ತಕಬಾರ್ದಾ?’ ಅಂತಾರೆ. ಆಮೇಲೆ ಅವರೇ ಎದ್ದು ಬಂದು, ‘ಅದಲ್ಲ, ಇದು ತಕ ಹೋಗು, ಅದು ಸೋರ್ತದೆ’ ಅಂತ ಒಳ್ಳೇದನ್ನ ಆರಿಸಿ ಕೊಡ್ತಾರೆ. ಯಾವ ಪಾತ್ರೆ ಸೋರುತ್ತೆ, ಯಾವುದರಲ್ಲಿ ಹುಳಿ ಮಾಡಬಾರದು ಅನ್ನೋದು ಯೂಟ್ಯೂಬ್‌ಗೆ ಗೊತ್ತಿಲ್ಲ, ಅವರಿಗೆ ಗೊತ್ತು.

ಸರಿ, ಮನೇಲಿ ಏನೂ ಇಲ್ಲ, ಎಲ್ಲ ಯಾವತ್ತೋ ಮಾರಿ ಆಗಿದೆ ಅನ್ನೋರು ಏನು ಮಾಡೋದು? ಆಗ ಹೊರಗೆ ಹುಡುಕಬೇಕು. ಹುಡುಕೋ ಮುಂಚೆ ಬೆಲೆ ಲೆಕ್ಕ ತಿಳ್ಕೋಬೇಕು.

ಒಂದೇ ಹಿತ್ತಾಳೆ ಚೊಂಬಿಗೆ ಮೂರು ಬೆಲೆ ಇರುತ್ತೆ. ಗುಜರಿ ಅಂಗಡೀಲಿ ಅದು ಬರೀ ಲೋಹ, ತಕ್ಕಡಿಗೆ ಹಾಕಿ ಕೆ.ಜಿ. ಲೆಕ್ಕದಲ್ಲಿ ಕೊಳ್ತಾರೆ. ಪಾತ್ರೆ ಅಂಗಡೀಲಿ ಹಳೇದು ಕೊಟ್ಟು ಹೊಸದು ತಗೋವಾಗ್ಲೂ ತೂಕದ ಲೆಕ್ಕವೇ. ಆದ್ರೆ ಅದೇ ಚೊಂಬು ಬೆಂಗಳೂರಿನ ಯಾವುದೋ ಅಲಂಕಾರದ ಅಂಗಡಿ ಸೇರಿ, ಪಾಲಿಷ್ ಹಾಕಿಸ್ಕೊಂಡು, ಹಳದಿ ಬಲ್ಬಿನ ಕೆಳಗೆ ಕೂತ ತಕ್ಷಣ ತೂಕದ ಲೆಕ್ಕ ಹೋಗಿ ಪೀಸ್ ಲೆಕ್ಕ ಶುರುವಾಗುತ್ತೆ. ತೂಕದ ಬೆಲೆ ಪೀಸ್ ಬೆಲೆ ಆಗೋ ಮುಂಚೆ ನೀವು ಅಲ್ಲಿರಬೇಕು. ಉಳಿತಾಯದ ಗುಟ್ಟು ಇಷ್ಟೇ.

ಹೇಗೆ? ಎರಡು ಗುಜರಿ ಅಂಗಡೀಲಿ ಅವತ್ತಿನ ಹಿತ್ತಾಳೆ, ತಾಮ್ರದ ರೇಟು ಕೇಳಿ. ಕೊಳ್ಳೋ ರೇಟು ಬೇರೆ, ಮಾರೋ ರೇಟು ಬೇರೆ, ಎರಡೂ ಕೇಳಿ. ಅಂಗಡಿಯವರಿಗೆ ನಿಮ್ಮ ನಂಬರ್ ಕೊಟ್ಟು, ‘ಅಣ್ಣಾ, ಕೊಳದಪ್ಪಲೆ, ಸೇರು ಇಂಥಾದ್ದು ಬಂದ್ರೆ ಮೂಟೆ ಕಟ್ಟೋ ಮುಂಚೆ ಒಂದು ಫೋನ್ ಮಾಡಿ, ತೂಕದ ರೇಟಿಗಿಂತ ಸ್ವಲ್ಪ ಮೇಲೇನೇ ಕೊಡ್ತೀನಿ’ ಅಂತ ಹೇಳಿ ಬನ್ನಿ. ಅವರಿಗೂ ಲಾಭ, ನಿಮಗೂ ಲಾಭ. ಸೈಕಲ್ಲು, ಗಾಡಿ ಮೇಲೆ ‘ಹಳೇ ಕಬ್ಣಾ, ಹಳೇ ಪಾತ್ರೆ’ ಅಂತ ಕೂಗ್ತಾ ಬರೋರಿಗೂ ಇದೇ ಮಾತು ಹೇಳಬಹುದು.

ಆದ್ರೆ ಒಂದು ವಿಷಯ ಗಮನದಲ್ಲಿರಲಿ. ಅಂಗಡಿ ಹತ್ರ ಚೌಕಾಸಿ ಮಾಡೋದು ಬೇರೆ, ಯಾವುದೋ ಊರಲ್ಲಿ ಕಷ್ಟಕ್ಕೆ ಅಂತ ಪಾತ್ರೆ ಮಾರ್ತಿರೋ ಅಜ್ಜಿ ಹತ್ರ ಮಾಡೋದು ಬೇರೆ. ‘ನೋಡಿ ಗಾಯ್ಸ್, ಇಷ್ಟು ದೊಡ್ಡ ಹಂಡೆ ಬರೀ ಇಷ್ಟಕ್ಕೆ ಸಿಕ್ತು’ ಅಂತ ರೀಲ್ಸ್ ಹಾಕ್ತಾರಲ್ಲ, ಅಲ್ಲಿ ಯಾರೋ ಒಬ್ಬರು ಕಮ್ಮಿ ತಗೊಂಡಿದ್ದಾರೆ ಅಂತ ಅರ್ಥ. ಮಾರೋರಿಗೆ ಅದರ ಬೆಲೆ ಗೊತ್ತಿಲ್ಲದಿದ್ರೆ ಅವತ್ತಿನ ರೇಟು ನೀವೇ ಹೇಳಿ, ಎದುರಿಗೇ ತೂಕ ಹಾಕಿಸಿ, ಸರಿಯಾದ ದುಡ್ಡು ಕೊಡಿ. ಅಷ್ಟು ಕೊಟ್ಟರೂ ಬೆಂಗಳೂರಿನ ಬೆಲೆಗಿಂತ ನಿಮಗೆ ಎಷ್ಟೋ ಕಮ್ಮೀನೇ ಬೀಳುತ್ತೆ.

ಪಾತ್ರೆ ಬಿಟ್ಟರೆ ಬೇರೆ ಏನು? ನಮ್ಮ ಜಿಲ್ಲೆಯಲ್ಲೇ ಸಿಗೋ, ಬೇರೆಯವರಿಗೆ ಹೊಳೆಯದ ಮೂರು ವಸ್ತು ಹೇಳ್ತೀನಿ.

ಮೊದಲನೇದು, ರೇಷ್ಮೆ ಹುಳ ಗೂಡು ಕಟ್ಟೋ ಬಿದಿರಿನ ಚಂದ್ರಿಕೆ. ಮಳವಳ್ಳಿ, ಮದ್ದೂರು ಕಡೆ ರೇಷ್ಮೆ ಬೆಳೆಯೋ ಮನೆಗಳಲ್ಲಿ ನೋಡೇ ಇರ್ತೀರಿ, ಆರು ಅಡಿಗೆ ನಾಲ್ಕು ಅಡಿಯ ಚಾಪೆ, ಅದರ ಮೇಲೆ ಸುರುಳಿ ಸುರುಳಿ ಬಿದಿರಿನ ಪಟ್ಟಿ. ಈಗ ಪ್ಲಾಸ್ಟಿಕ್‌ನ ನೇತ್ರಿಕೆ ಬಂದ ಮೇಲೆ ಎಷ್ಟೋ ಚಂದ್ರಿಕೆ ಕೊಟ್ಟಿಗೆ ಗೋಡೆಗೆ ಒರಗಿ ಕೂತಿವೆ. ಮುರಿದು ಬಿಸಾಕೋ ಸ್ಥಿತಿಯಲ್ಲಿರೋದನ್ನ ಕೇಳಿ ತನ್ನಿ. ಹುಳದ ಮನೆಗೆ ಔಷಧ ಸಿಂಪಡಿಸಿರ್ತಾರೆ, ಹಾಗಾಗಿ ಸೋಪಿನ ನೀರಲ್ಲಿ ಚೆನ್ನಾಗಿ ತೊಳೆದು ಎರಡು ಮೂರು ದಿನ ಬಿಸಿಲಿಗೆ ಹಾಕಿ. ಬೇಕಾದ ಅಳತೆಗೆ ಕತ್ತರಿಸಿ, ಒಲೆಯಿಂದ ದೂರ ಇರೋ ಗೋಡೆಗೆ ಒರಗಿಸಿ ನಿಲ್ಲಿಸಿ. ಒಂದೂ ಮೊಳೆ ಹೊಡೀಬೇಕಿಲ್ಲ. ಕೊಕ್ಕೆ ಸಿಕ್ಕಿಸಿ ಸೌಟು, ಜರಡಿ, ಟೀ ಸೋಸೋದು ನೇತುಹಾಕಬಹುದು. ಬೇರೆ ಊರಿನೋರು ಇದನ್ನ ಡಿಸೈನರ್ ಪೀಸು ಅಂದ್ಕೋತಾರೆ. ನೀವು ನಗ್ತಾ ಸುಮ್ಮನಿದ್ದುಬಿಡಿ.

ಎರಡನೇದು, ಆಲೆಮನೆಯ ಬೆಲ್ಲದ ಅಚ್ಚು. ಮಂಡ್ಯದ ಬೆಲ್ಲ ಗೊತ್ತಲ್ಲ, ಬಿಸಿ ಪಾಕ ಸುರಿಯೋ ಗುಳಿ ಗುಳಿಯ ಮರದ ಹಲಗೆ. ಸವೆದು ಮೂಲೆಗೆ ಬಿದ್ದ ಹಲಗೆ ಸಿಕ್ಕಿದ್ರೆ ಬಿಸಿನೀರಲ್ಲಿ ನೆನೆಸಿ, ಉಜ್ಜಿ, ಒಣಗಿಸಿ. ಆ ಗುಳಿಗಳಲ್ಲಿ ಮೆಣಸು, ಏಲಕ್ಕಿ, ಲವಂಗದ ಪುಟ್ಟ ಬಾಟಲಿ ಕೂರುತ್ತೆ. ಬೆಲ್ಲದ ಅಂಶ ಉಳಿದ್ರೆ ಇರುವೆ ಮೆರವಣಿಗೆ ಬರುತ್ತೆ, ಹಾಗಾಗಿ ಎರಡು ಸಲ ತೊಳೀರಿ.

ಮೂರನೇದು, ಕೆಡವುತ್ತಿರೋ ಹಳೇ ಮನೆಗಳ ಮರ. ತೊಟ್ಟಿ ಮನೆ, ಹೆಂಚಿನ ಮನೆ ಕೆಡವಿ ಆರ್‌ಸಿಸಿ ಕಟ್ಟೋದು ಎಲ್ಲ ಊರಲ್ಲೂ ನಡೀತಿದೆ. 118 ಕಿಲೋಮೀಟರಿನ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ನಮ್ಮ ಮದ್ದೂರಿನ ಗೆಜ್ಜಲಗೆರೆಯಲ್ಲೇ 2023ರ ಮಾರ್ಚ್ 12ರಂದು ಉದ್ಘಾಟನೆ ಆಯ್ತು. ರಸ್ತೆ ಅಗಲ ಆದ ಕಡೆ ಎಲ್ಲ ಹಳೇ ಕಟ್ಟಡ ಹೋಗಿ ಹೊಸದು ಎದ್ದಿದೆ. ಇಂಥ ಮನೆ ಕೆಡವಿದಾಗ ಜಾಲರಿ ಬಾಗಿಲಿನ ಬೀರು, ಕಿಟಕಿ ಚೌಕಟ್ಟು, ಗೂಡಿನ ಹಲಗೆ, ಮಣೆ ಸಿಗುತ್ತೆ. ಜಾಲರಿ ಬೀರು ಸಿಕ್ಕಿದ್ರೆ ಬಿಡಬೇಡಿ. ಗಾಳಿ ಆಡುತ್ತೆ, ಇಲಿ ಬರಲ್ಲ, ಮನೆ ಬದಲಾಯಿಸುವಾಗ ಜೊತೆಗೆ ಬರುತ್ತೆ. ಮಾಡ್ಯುಲರ್ ಕಿಚನ್ ಕಟ್ಟಿಸಿದ್ರೆ ಅದು ಓನರ್ ಮನೆಯಲ್ಲೇ ಉಳಿಯುತ್ತೆ, ನೆನಪಿರಲಿ.

ಯಾವ ವಸ್ತುವಿಗೆ ಏನು ಹೆಸರು, ಏನು ಬಳಕೆ ಅಂತ ಗೊತ್ತಾಗ್ತಿಲ್ವಾ? ರಾಮನಗರದ ಹತ್ರ ಜಾನಪದ ಲೋಕಕ್ಕೆ ಒಂದು ಸಲ ಹೋಗಿ ಬನ್ನಿ. ಅದನ್ನ ಕಟ್ಟಿದ ಎಚ್.ಎಲ್. ನಾಗೇಗೌಡರು ನಮ್ಮ ನಾಗಮಂಗಲ ತಾಲ್ಲೂಕಿನವರೇ. 1994ರಲ್ಲಿ ಶುರುವಾದ ಆ ಜಾಗದಲ್ಲಿ ಹಳ್ಳಿ ಮನೆಯ ದಿನಬಳಕೆ ಸಾಮಾನುಗಳನ್ನ ಜೋಡಿಸಿಟ್ಟಿದ್ದಾರೆ. ಅರ್ಧ ದಿನ ಸುತ್ತಾಡಿದ್ರೆ ಸಾಕು, ಗುಜರಿ ಅಂಗಡೀಲಿ ನಿಮ್ಮ ಕಣ್ಣು ಬೇರೆ ಥರ ನೋಡೋಕೆ ಶುರು ಮಾಡುತ್ತೆ. ನಾಗಮಂಗಲಕ್ಕೂ ಹಿತ್ತಾಳೆ, ಕಂಚಿನ ಎರಕದ ಕೆಲಸದ ಹಳೇ ಹೆಸರಿದೆ.

ಈಗ ಮುಖ್ಯವಾದ ಮಾತು, ಕೊಳ್ಳೋ ಮುಂಚೆ ಏನು ಪರೀಕ್ಷೆ ಮಾಡಬೇಕು. ಇದು ಅಂದಕ್ಕೆ ಮಾತ್ರ ಅಲ್ಲ, ಹೊಟ್ಟೆಗೆ ಹೋಗೋ ವಿಷಯ.

ಜೇಬಲ್ಲಿ ಒಂದು ಸಣ್ಣ ಆಯಸ್ಕಾಂತ ಇಟ್ಕೊಳ್ಳಿ, ಫ್ರಿಜ್ ಮೇಲೆ ಅಂಟಿಸೋದು ಆದ್ರೂ ಸಾಕು. ಹಿತ್ತಾಳೆ, ತಾಮ್ರ, ಕಂಚು ಆಯಸ್ಕಾಂತಕ್ಕೆ ಅಂಟಲ್ಲ. ಅಂಟಿದ್ರೆ ಅದು ಕಬ್ಬಿಣದ ಮೇಲೆ ಬಣ್ಣದ ಲೇಪ. ಆಮೇಲೆ ನೀರು ತುಂಬಿ ಐದು ನಿಮಿಷ ಇಡಿ, ಸೋರುತ್ತಾ ನೋಡಿ. ತಳದಲ್ಲಿ ಬೂದು ಬಣ್ಣದ ಬೆಸುಗೆ ಕಂಡ್ರೆ ಅಡುಗೆಗೆ ಬೇಡ, ಹಳೇ ಬೆಸುಗೆಯಲ್ಲಿ ಸೀಸ ಇರಬಹುದು. ಅಂಥದ್ದು ಗಿಡ ಇಡೋಕೆ ಆಗುತ್ತೆ.

ಹಿತ್ತಾಳೆ ಅಂದ್ರೆ ತಾಮ್ರ ಮತ್ತು ಸತು. ಕಂಚು ಅಂದ್ರೆ ತಾಮ್ರ ಮತ್ತು ತವರ. ಹಿತ್ತಾಳೆ, ತಾಮ್ರದ ಪಾತ್ರೆಯಲ್ಲಿ ಹುಣಸೆಹಣ್ಣು, ಮಜ್ಜಿಗೆ, ಟೊಮೆಟೊ, ನಿಂಬೆ ಬಿದ್ರೆ ಕಿಲುಬು ಬಿಡುತ್ತೆ. ಅದು ಹೊಟ್ಟೆಗೆ ಹೋದ್ರೆ ವಾಂತಿ, ಹೊಟ್ಟೆ ನೋವು. ಅದಕ್ಕೇ ಒಳಗಡೆ ಕಲಾಯಿ ಹಾಕಿಸ್ತಿದ್ರು. ಪಾತ್ರೆ ಕಾಯಿಸಿ, ನವಸಾಗರ ಹಾಕಿ ಉಜ್ಜಿ, ತವರ ಮುಟ್ಟಿಸಿ, ಹತ್ತಿಯಲ್ಲಿ ಒರೆಸಿದ್ರೆ ಒಳಗೆ ಬೆಳ್ಳಿ ಥರ ಮಿಂಚುತ್ತೆ. ತವರ 232 ಡಿಗ್ರಿಗೇ ಕರಗುತ್ತೆ. ಹಾಗಾಗಿ ಕಲಾಯಿ ಪಾತ್ರೆಯನ್ನ ಬರಿದಾಗಿ ಉರಿ ಮೇಲೆ ಇಡಬೇಡಿ, ಸ್ಟೀಲ್ ನಾರಲ್ಲಿ ಗೀಚಬೇಡಿ. ಕಲಾಯಿ ಹಾಕೋರು ಈಗ ಅಪರೂಪ, ಪಾತ್ರೆ ಅಂಗಡೀಲಿ ವಿಚಾರಿಸಿದ್ರೆ ದಾರಿ ಹೇಳ್ತಾರೆ. ಶುದ್ಧ ತವರದಲ್ಲೇ ಹಾಕಿ ಅಂತ ಒತ್ತಿ ಹೇಳಿ. ಕಲಾಯಿ ಸಿಗಲಿಲ್ಲ ಅಂದ್ರೆ ಆ ಪಾತ್ರೆಯಲ್ಲಿ ಅಡುಗೆ ಬೇಡ. ಬೆಳ್ಳುಳ್ಳಿ, ಈರುಳ್ಳಿ, ಬೇಳೆ ಪ್ಯಾಕೆಟ್ ಹಾಕಿಡಿ.

ಕಬ್ಬಿಣದ ಬಾಣಲೆ, ಹಂಚಿಗೆ ತುಕ್ಕು ಹಿಡಿದಿದ್ರೆ ಹೆದರಬೇಡಿ. ಇಟ್ಟಿಗೆ ಪುಡಿ, ತೆಂಗಿನ ನಾರು ಹಾಕಿ ಉಜ್ಜಿ, ತೊಳೆದು, ಒಲೆ ಮೇಲೆ ಒಣಗಿಸಿ, ತೆಳ್ಳಗೆ ಎಣ್ಣೆ ಸವರಿ ಕಾಯಿಸಿ. ನಾಲ್ಕೈದು ದಿನ ಹೀಗೆ ಮಾಡಿದ್ರೆ ಕಪ್ಪಗೆ ಪಳಗುತ್ತೆ. ಅಡುಗೆಮನೇಲಿ ಕೊಟ್ಟ ದುಡ್ಡಿಗೆ ಹೆಚ್ಚು ದುಡಿಯೋ ಹಳೇ ವಸ್ತು ಇದೇ. ಆದ್ರೆ ಬಿರುಕು ಬಿಟ್ಟಿದ್ರೆ ಬೇಡ. ಪಿಂಗಾಣಿ ಜಾಡಿಯ ಒಳಮೈ ಸೀಳು ಬಿಟ್ಟಿದ್ರೆ, ಹೊಳಪು ಕಿತ್ತಿದ್ರೆ ಉಪ್ಪಿನಕಾಯಿ ಹಾಕಬೇಡಿ, ಸೌಟು ನಿಲ್ಲಿಸೋಕೆ ಇಟ್ಕೊಳ್ಳಿ.

ಮರದ ಸಾಮಾನು ತಟ್ಟಿ ನೋಡಿ. ಸಣ್ಣ ಪುಡಿ ಉದುರಿದ್ರೆ ಒಳಗೆ ಹುಳ ಇದೆ. ಹಳೇ ಬಾಗಿಲು, ಬೀರುವಿನ ಬಣ್ಣ ಕೆರೆಯೋಕೆ ಹೋಗಬೇಡಿ, ಮನೇಲಿ ಮಗು ಇದ್ರಂತೂ ಬೇಡವೇ ಬೇಡ. ನಮ್ಮ ದೇಶದಲ್ಲಿ ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ ದಾಟಬಾರದು ಅನ್ನೋ ನಿಯಮ ಜಾರಿಗೆ ಬಂದಿದ್ದೇ 2017ರ ನವೆಂಬರ್‌ನಲ್ಲಿ. ಅದಕ್ಕೂ ಹಳೇ ಬಣ್ಣದ ಧೂಳು ಒಳ್ಳೇದಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ, ಮೇಲೆ ಹೊಸ ಬಣ್ಣ ಬಳೀರಿ.

ಕೆಲವು ವಸ್ತು ಸೆಕೆಂಡ್ ಹ್ಯಾಂಡ್ ಕೊಳ್ಳಲೇಬಾರದು. ಕುಕ್ಕರ್, ಗ್ಯಾಸ್ ರೆಗ್ಯುಲೇಟರ್, ಗ್ಯಾಸ್ ಪೈಪು, ಗೀಚು ಬಿದ್ದ ನಾನ್‌ಸ್ಟಿಕ್, ಪ್ಲಾಸ್ಟಿಕ್ ಡಬ್ಬ. ಗ್ಯಾಸ್ ಪೈಪಂತೂ ಹೊಸದು ತಗೊಂಡ್ರೂ ಐದು ವರ್ಷಕ್ಕೆ ಬದಲಾಯಿಸಬೇಕು. ಇನ್ನೊಂದು, ವಿಗ್ರಹ, ಕೆತ್ತನೆ ಕಲ್ಲು, ವೀರಗಲ್ಲಿನ ತುಂಡು ಯಾರಾದ್ರೂ ‘ಚೆಂದ ಕಾಣುತ್ತೆ ತಗೊಳ್ಳಿ’ ಅಂದ್ರೆ ಕೈ ಮುಗಿದು ಬನ್ನಿ. 100 ವರ್ಷ ದಾಟಿದ ಅಂಥ ಪುರಾತನ ವಸ್ತುಗಳಿಗೆ 1972ರ ಕಾನೂನು ಇದೆ, ವ್ಯಾಪಾರ ಮಾಡೋಕೆ ಲೈಸೆನ್ಸ್ ಬೇಕು. ಊರಿನ ಕಲ್ಲು ಊರಲ್ಲೇ ಇರಲಿ.

ಸರಿ, ಸಾಮಾನು ಬಂತು. ಜೋಡಿಸೋದು ಹೇಗೆ? ಮೊದಲು ಗೋಡೆ ಒರೆಸಿ, ಕಟ್ಟೆ ಮೇಲೆ ಇರೋದನ್ನೆಲ್ಲ ತೆಗೀರಿ. ದಿನಾ ಬೇಕಾಗೋದು ಮಾತ್ರ ವಾಪಸ್ ಇಡಿ. ಬಿಳಿ ಟ್ಯೂಬ್‌ಲೈಟ್ ಕೆಲಸಕ್ಕೆ ಇರಲಿ, ಒಂದು ಹಳದಿ ಬೆಳಕಿನ ಬಲ್ಬ್ ಶೆಲ್ಫ್ ಮೇಲೆ ಹಾಕಿ. ಹಿತ್ತಾಳೆ ಹೊಳೆಯೋದು ಆ ಬೆಳಕಲ್ಲೇ. ಎಲ್ಲ ಗೋಡೆಗೂ ತುಂಬಬೇಡಿ, ಒಂದೇ ಗೋಡೆ ಆರಿಸಿ.

ಪ್ರತಿ ವಸ್ತುವಿಗೂ ಒಂದು ಕೆಲಸ ಕೊಡಿ. ಸೇರು, ಪಾವು ಅಕ್ಕಿ ಡಬ್ಬದಲ್ಲೇ ಇರಲಿ, ದಿನಾ ಅದರಲ್ಲೇ ಅಳೀರಿ. ಹಿತ್ತಾಳೆ ಚೊಂಬಲ್ಲಿ ಚಮಚ, ಸೌಟು ನಿಲ್ಲಿಸಿ. ಹಾರ್ಲಿಕ್ಸ್ ಬಾಟಲೀಲಿ ಬೇಳೆ, ಕಾಳು ಹಾಕಿ, ಬಣ್ಣ ಬಣ್ಣದ ಸಾಲು ತಾನಾಗೇ ಅಲಂಕಾರ. ಹಂಡೆ ಮೇಲೆ ಒಂದು ದುಂಡು ಹಲಗೆ ಇಟ್ಟರೆ ಕಾಫಿ ಲೋಟ ಇಡೋ ಟೇಬಲ್ ಆಯ್ತು. ಕುಕ್ಕೆಯಲ್ಲಿ ಈರುಳ್ಳಿ, ಆಲೂಗಡ್ಡೆ. ಮೊರ ಗೋಡೆಯಲ್ಲಿ ತೂಗಲಿ, ಬೇಳೆ ಆರಿಸುವಾಗ ಕೆಳಗಿಳಿಯಲಿ. ಅಮ್ಮನ ಹಳೇ ಹತ್ತಿ ಸೀರೆ ಕಟ್ಟೆ ಕೆಳಗಿನ ಪರದೆ ಆಗುತ್ತೆ, ಸಿಲಿಂಡರ್ ಕಾಣಲ್ಲ. ಆದ್ರೆ ಪರದೆಯನ್ನ ಒಲೆಯಿಂದ ದೂರ ಇಡಿ, ಸಿಲಿಂಡರ್‌ಗೆ ಗಾಳಿ ಆಡೋ ಹಾಗಿರಲಿ. ರುಬ್ಬೋ ಕಲ್ಲು ಮಹಡಿ ಮೇಲಿನ ಬಾಡಿಗೆ ಮನೆಗೆ ಹೊತ್ಕೊಂಡು ಹೋಗಬೇಡಿ, ಸೊಂಟ ಹೋಗುತ್ತೆ. ಒಂದು ಪುಟ್ಟ ಕುಟ್ಟೋ ಕಲ್ಲು ಸಾಕು, ಶುಂಠಿ ಬೆಳ್ಳುಳ್ಳಿಗೆ.

ಬಜೆಟ್ ಹೇಳಿ ಅಂತೀರಾ? 5,000 ರೂಪಾಯಿ ಇಟ್ಕೊಂಡ್ರೆ ನಾನು ಹೀಗೆ ಭಾಗ ಮಾಡ್ತೀನಿ. ಹಳೇ ಮರದ ಶೆಲ್ಫು ಅಥವಾ ಪುಟ್ಟ ಬೀರುಗೆ 1,500. ಗುಜರಿಯಿಂದ ಎರಡು ಮೂರು ಪಾತ್ರೆಗೆ 1,200. ಕಲಾಯಿ, ಪಾಲಿಷ್, ರಿಪೇರಿಗೆ 1,000. ಸಂತೆಯಲ್ಲಿ ಮೊರ, ಕುಕ್ಕೆ, ಮಡಕೆಗೆ 500, ಇವು ಹೊಸದೇ ತಗೊಳ್ಳಿ, ಮಾಡೋರ ಕೈಗೆ ನೇರವಾಗಿ ದುಡ್ಡು ಹೋಗಲಿ. ಬಲ್ಬು, ಕೊಕ್ಕೆಗೆ 300. ಆಟೋ, ಲಗೇಜಿಗೆ 500. ಈ ಮಿತಿ ದಾಟಿದ್ರೆ ಆ ವಸ್ತು ಅಲ್ಲೇ ಬಿಟ್ಟು ಬನ್ನಿ, ಮುಂದಿನ ತಿಂಗಳು ಇನ್ನೊಂದು ಸಿಗುತ್ತೆ. ಎಲ್ಲ ಒಂದೇ ವಾರದಲ್ಲಿ ಆಗಬೇಕು ಅಂದ್ರೆ ಹಳೇ ಸಾಮಾನೂ ದುಬಾರಿ ಆಗುತ್ತೆ. ತಿಂಗಳಿಗೆ ಒಂದು ವಸ್ತು ಸಾಕು.

ಕೊನೇದಾಗಿ, ಬೆಳಗೋ ಕೆಲಸ. ಮೊದಲೇ ಹೇಳಿದೆನಲ್ಲ, ಇದನ್ನ ಮಾಡಿ ಮಾಡಿ ಸುಸ್ತಾಗಿ ನಮ್ಮ ಅಜ್ಜಿಯಂದಿರು ಸ್ಟೀಲ್ ಕೊಂಡರು. ಈಗ ನಾವು ಹಿತ್ತಾಳೆ ವಾಪಸ್ ತಂದು, ಆ ಕೆಲಸ ಮತ್ತೆ ಮನೆ ಹೆಣ್ಣುಮಕ್ಕಳ ತಲೆಗೇ ಕಟ್ಟಿದ್ರೆ ಏನು ಬಂತು? ಮನೇಲಿ ಇಬ್ಬರಿದ್ರೆ ಇಬ್ಬರೂ ಉಜ್ಜಬೇಕು. ಎಷ್ಟು ಪಾತ್ರೆ ತರಬೇಕು ಅನ್ನೋಕೂ ಇದೇ ಅಳತೆ. ಭಾನುವಾರ ಹದಿನೈದು ನಿಮಿಷದಲ್ಲಿ ನೀವಿಬ್ಬರು ಎಷ್ಟು ಬೆಳಗಬಲ್ಲಿರೋ ಅಷ್ಟೇ ತನ್ನಿ. ಮೂರಾದ್ರೆ ಮೂರು, ಐದಾದ್ರೆ ಐದು. ಕಪ್ಪಾದ್ರೂ ಬೇಜಾರಿಲ್ಲ ಅನ್ನೋರಿಗೆ ಹಾಗೇ ಬಿಡೋದೂ ಚೆಂದವೇ, ಅಡುಗೆ ಮುಟ್ಟೋ ಒಳಮೈ ಮಾತ್ರ ಯಾವಾಗ್ಲೂ ಶುಚಿಯಾಗಿರಲಿ.

ಇಷ್ಟು ಇವತ್ತಿನ ಮಾತು. ಈ ಸಲ ಊರಿಗೆ ಹೋದಾಗ ಅಟ್ಟದ ಮೇಲಿನ ಒಂದೇ ಒಂದು ಪಾತ್ರೆ ಕೆಳಗಿಳಿಸಿ, ಅದರ ಹೆಸರು ಏನು, ಅದರಲ್ಲಿ ಏನು ಮಾಡ್ತಿದ್ರು ಅಂತ ಮನೆಯವರ ಬಾಯಲ್ಲೇ ಫೋನಲ್ಲಿ ರೆಕಾರ್ಡ್ ಮಾಡ್ಕೊಳ್ಳಿ. ಒಂದೇ ಪಾತ್ರೆಗೆ ಮಂಡ್ಯದಲ್ಲಿ ಒಂದು ಹೆಸರು, ಮಳವಳ್ಳಿಯಲ್ಲಿ ಇನ್ನೊಂದು ಇರಬಹುದು. ನಮಗೂ ಕಳಿಸಿ, ಮುಂದೊಂದು ದಿನ ಎಲ್ಲ ಸೇರಿ ಕೇಳೋಣ. ಅಲ್ಲೀವರೆಗೆ ಚೆನ್ನಾಗಿರಿ, ಹೊಟ್ಟೆ ತುಂಬ ಊಟ ಮಾಡಿ.